ನಿಂಬೆಹಣ್ಣು

ಬ್ಯಾಲರಾಟ್‌ನಲ್ಲಿ ಜುಲೈ. ಕೆರೆಯ ಹಂಸಗಳೂ ಕತ್ತು ಒಳಗೆಳೆದುಕೊಂಡಿವೆ.
ಆಸ್ಪತ್ರೆಯ ಎರಡನೇ ಮಹಡಿ, ಕಿಟಕಿಯಿಲ್ಲದ ಕೋಣೆ.
ಒಂಬತ್ತು ವರ್ಷದ ಟ್ಯಾಮ್ಸಿನ್ ಹ್ಯಾನ್ರಹನ್
ಕಾಲು ನೆಲಕ್ಕೆ ಎಟುಕದೆ ಕುರ್ಚಿಯಲ್ಲಿ ಕೂತಿದ್ದಾಳೆ.
ತರಗತಿಯಲ್ಲಿ ಕನಸು ಕಾಣುತ್ತಾಳಂತೆ. ಟೀಚರ ಚೀಟಿ
ಅಮ್ಮನ ಕೈಚೀಲದಲ್ಲಿದೆ, ನಾಲ್ಕು ಮಡಿಕೆ.

ಮೊದಲು ಅಳತೆ. ಮೂಗಿನ ಬುಡದಿಂದ ಹಿಂದಲೆಯ ಗಂಟಿನವರೆಗೆ,
ಈ ಕಿವಿಯಿಂದ ಆ ಕಿವಿಗೆ, ದರ್ಜಿಯ ಟೇಪು.
ಶೇಕಡಾ ಹತ್ತು, ಇಪ್ಪತ್ತು, ಮತ್ತೆ ಇಪ್ಪತ್ತು: ಕೆಂಪು ಪೆನ್ಸಿಲ್ಲಿನ ಗುರುತು.
ಎಡಕ್ಕೆ ಬೆಸ, ಬಲಕ್ಕೆ ಸಮ, ನಡುಬೈತಲೆಗೆ ಸೊನ್ನೆ.
ಹೇನು ಹೆಕ್ಕುವ ಅಜ್ಜಿಯ ಹಾಗೆ ಕೂದಲು ಸೀಳಿ
ಉಜ್ಜುತ್ತೇನೆ, ಚರ್ಮ ಕೊಂಚ ಕೆಂಪಾಗುವಷ್ಟು.
ಇಪ್ಪತ್ತೊಂದು ಪುಟ್ಟ ಬಟ್ಟಲು, ಒಂದೊಂದಕ್ಕೂ ಬೆರಳ ತುದಿಯಷ್ಟು ಅಂಟು.
"ಇದು ಮೊಸರಾ?"
ಉಪ್ಪು ಹೆಚ್ಚಾದ ಮೊಸರು, ಎನ್ನುತ್ತೇನೆ.

ತಲೆಯೊಳಗಿಂದ ಹೊರಬರುವುದು ಎಷ್ಟೆಂದರೆ
ಟಾರ್ಚಿನ ಒಂದು ಸೆಲ್ಲನ್ನು ಮೂವತ್ತು ಸಾವಿರ ಜನಕ್ಕೆ ಹಂಚಿದಾಗ
ಒಬ್ಬರ ಪಾಲಿಗೆ ಬಂದಷ್ಟು.
ಅದೂ ಒಂಟಿಯಾಗಿ ಸಿಗುವುದಿಲ್ಲ, ಇಲ್ಲಿಗೂ ಅಲ್ಲಿಗೂ ಇರುವ ವ್ಯತ್ಯಾಸ ಮಾತ್ರ.
ಕಿವಿಯ ಹಿಂದಿನ ಮೂಳೆ ಸುಮ್ಮನಿದೆಯೆಂದು ನಂಬಿ
ಅದರೆದುರು ಉಳಿದವರ ಮಾತು ಅಳೆಯುತ್ತೇವೆ.
ಅದೂ ಗೊಣಗುತ್ತದೆ. ನನಗೆ ಗೊತ್ತು.

ಗೆರೆಗಳು ಎದ್ದವು. ಮೊದಲಿಗೆ ಬರೀ ಗದ್ದಲ:
ಗೋಡೆಯೊಳಗಿನ ಕರೆಂಟು ಸೆಕೆಂಡಿಗೆ ಐವತ್ತು ಸಲ ಗುಂಯ್,
ದವಡೆ ಕಚ್ಚಿದರೆ ಒಣಹುಲ್ಲಿಗೆ ಬೆಂಕಿ,
ರೆಪ್ಪೆ ಬಡಿದರೆ ಹಣೆಯ ಸಾಲಿನಲ್ಲಿ ಗುಡ್ಡ,
ಬೆವರಿದರೆ ಎಲ್ಲವೂ ದೋಣಿಯಂತೆ ಓಲಾಟ.
ಈ ಊರಿಗೆ ಇದು ಹೊಸತಲ್ಲ. ತೊರೆಯ ಮರಳನ್ನು ತಟ್ಟೆಯಲ್ಲಿ ಆಡಿಸಿ
ಸಾಸಿವೆಯಷ್ಟು ಚಿನ್ನಕ್ಕೆ ಬೆನ್ನು ಬಾಗಿಸಿದವರ ಊರು.
ನಾನೂ ತೊಳೆಯುತ್ತೇನೆ. ಅರ್ಧಕ್ಕಿಂತ ನಿಧಾನದ್ದು ಹೋಗಲಿ,
ಎಪ್ಪತ್ತಕ್ಕಿಂತ ಅವಸರದ್ದು ಹೋಗಲಿ, ಐವತ್ತರ ಜಾಗದಲ್ಲಿ ಸಣ್ಣದೊಂದು ತೂತು.
ಜಾಸ್ತಿ ತೊಳೆದರೆ ಚಿನ್ನವೂ ನೀರಿನ ಪಾಲು.
ಆಮೇಲೆ, ಹೀಗೆ ಅನ್ನಬಾರದು,
ನಗು, ರೆಪ್ಪೆ, ಎಂಜಲು ನುಂಗಿದ್ದು, ಎದೆಬಡಿತ,
ಕಸವೆಂದು ನಾನು ಗುರುತು ಹಾಕುವುದೆಲ್ಲ
ಅವಳೇ.

"ಕಣ್ಣು ಮುಚ್ಚು."
ಹಿಂದಲೆಯಲ್ಲಿ ಅಲೆ, ಸೆಕೆಂಡಿಗೆ ಒಂಬತ್ತು,
ಅಂಗಡಿಯ ಬಾಗಿಲು ಎಳೆದುಕೊಂಡ ಮೇಲೆ ಒಳಗೆ ಯಾರೋ ಗುನುಗಿದ ಹಾಗೆ.
"ತೆರೆ." ನಿಂತೇ ಹೋಯಿತು.
ಇಪ್ಪತ್ತು ವರ್ಷವಾಯಿತು, ಈ ಜಾಗದಲ್ಲಿ ಇನ್ನೂ ಖುಷಿಯಾಗುತ್ತದೆ.

ಈಗ ಹಳದಿ ಕಾಗದದ ಗಿರಿಗಿಟ್ಟಲೆ. ಮೂರು ನಿಮಿಷ ಊದಬೇಕು.
ಜೋರು ತಿರುಗಿದಾಗ ಹಿಂದಕ್ಕೆ ಸುತ್ತಿದಂತೆ ಕಾಣುತ್ತದೆ, ಟ್ಯೂಬ್‌ಲೈಟಿನ ಮೋಸ.
ನನ್ನ ಯಂತ್ರಕ್ಕೂ ಅದೇ ಭಯ. ಸೆಕೆಂಡಿಗೆ ಇನ್ನೂರ ಐವತ್ತಾರು ಸಲ ಇಣುಕುತ್ತದೆ;
ಸೋಮಾರಿಯಾದರೆ, ಓಡುವುದೂ ತೆವಳಿದಂತೆ ಕಂಡೀತು.

ಎರಡು ನಿಮಿಷ, ನಲವತ್ತು ಸೆಕೆಂಡು.
ಗಿರಿಗಿಟ್ಟಲೆ ನಿಂತಿತು.
ಕಣ್ಣು ತೆರೆದೇ ಇತ್ತು.
ಗೆರೆಗಳೆಲ್ಲ ಒಂದೇ ಏಟಿಗೆ ಒಂದೇ ಮಾತು ಹಿಡಿದವು:
ಮೊನೆ, ದಿಬ್ಬ, ಮೊನೆ, ದಿಬ್ಬ, ಸೆಕೆಂಡಿಗೆ ಮೂರು,
ಯಾವ ಜರಡಿಯೂ ಬೇಡ, ಬಾಗಿಲಲ್ಲಿ ನಿಂತವರಿಗೂ ಕಾಣುವಷ್ಟು.
ನಿಯಮದಂತೆ ನಾನೊಂದು ಪದ ಹೇಳಿದೆ, ಗಟ್ಟಿಯಾಗಿ:
ನಿಂಬೆಹಣ್ಣು.

ಒಂಬತ್ತು ಸೆಕೆಂಡು.

ಗಿರಿಗಿಟ್ಟಲೆ ತಿರುಗಿತು, ಉಸಿರು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ.
"ನಾನೊಂದು ಪದ ಹೇಳಿದೆನಲ್ಲ, ಯಾವುದು?"
"ಊದು ಅಂದ್ರಿ."

ನಾನು ಹುಟ್ಟಿದ ಕಡೆ ಇದಕ್ಕೆ ಮಂಕು ಎನ್ನುತ್ತಿದ್ದರು,
ಬೆನ್ನಿಗೊಂದು ಗುದ್ದು ಕೊಟ್ಟು.

ಅಮ್ಮ ಕೇಳಿದಳು, ಏನಾದರೂ ಕಂಡಿತೇ ಎಂದು.
ಡಾಕ್ಟರು ಓದಿ ಹೇಳುತ್ತಾರೆ, ಎಂದೆ.
ಹಾಗೆನ್ನುವಾಗ ಪ್ರತಿ ಸಲ ನನ್ನ ದವಡೆ ಬಿಗಿಯುತ್ತದೆ;
ನನ್ನ ತಲೆಗೆ ಯಾರೂ ಬಟ್ಟಲು ಅಂಟಿಸಿಲ್ಲ.

ಬಿಸಿನೀರಲ್ಲಿ ಅಂಟು ತೊಳೆದೆ, ಕಿವಿಯ ಹಿಂದೆ ಸ್ವಲ್ಪ ಉಳಿಯಿತು.
ಗಿರಿಗಿಟ್ಟಲೆ ಅವಳಿಗೇ ಇರಲಿ ಎಂದೆ.
ಅವರು ಹೋದ ಮೇಲೆ ಸುರುಳಿಯನ್ನು ಹಿಂದಕ್ಕೆ ಓಡಿಸಿ
ಆ ದಿಬ್ಬಗಳ ಕೆಳಗೆ ಟೈಪಿಸಿದೆ: ಇಲ್ಲಿ ಪದ ಹೇಳಲಾಯಿತು.
ಪದ ಅಲ್ಲೇ ಇದೆ, ಎರಡನೆಯ ಮತ್ತು ಮೂರನೆಯ ಸೆಕೆಂಡಿನ ನಡುವೆ,
ಹೊಸ್ತಿಲಲ್ಲಿಟ್ಟ ಹಣ್ಣಿನ ಹಾಗೆ,
ಒಳಗಿನವರು ಯಾರೂ ಬಂದು ತೆಗೆದುಕೊಳ್ಳದೆ.